ಮಾರ್ಷಲ್ ಸುಮ್ಮನಾದ ಮೇಲೆ

ದೇವನಹಳ್ಳಿ ಕಡೆಯ ನಮ್ಮ ಗಾಲ್ಫ್ ಮೈದಾನದಲ್ಲಿ ಆಟ ನಿಧಾನವಾಗದಂತೆ ನೋಡಿಕೊಳ್ಳಲು ಒಬ್ಬ ಮಾರ್ಷಲ್ ಇದ್ದರು. ತೂಬಗೆರೆಯವರು. ಬ್ಯಾಟರಿ ಗಾಡಿಯಲ್ಲಿ ಸದ್ದಿಲ್ಲದೆ ಬಂದು, ಟೋಪಿ ತೆಗೆದು ತಲೆ ಸವರಿಕೊಂಡು, "ಹಿಂದೆ ಜನ ಕಾಯ್ತಾವ್ರೆ, ಒಸಿ ಬೇಗ ಹೊಡೀರಿ ಸ್ವಾಮಿ," ಅನ್ನುವರು. ಅಷ್ಟಕ್ಕೇ ದೊಡ್ಡ ದೊಡ್ಡ ಬಿಲ್ಡರುಗಳೂ ಓಡುತ್ತಿದ್ದರು.

ನಾನು ಮಾತ್ರ ಓಡಿದವನಲ್ಲ. ನನ್ನಷ್ಟು ನಿಧಾನವಾಗಿ ಆಡುವವನು ಇನ್ನೂ ಹುಟ್ಟಿಲ್ಲ. ಅವರನ್ನು ಕಂಡರೆ ಬೇಕೆಂದೇ ಶೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಒಂದು ಬೆಳಿಗ್ಗೆ, ಗುಳಿಯಿಂದ ಒಂದು ಮಾರು ದೂರದಲ್ಲಿದ್ದ ನನ್ನ ಚೆಂಡು ತೋರಿಸಿ ಕೋಲನ್ನು ಅವರ ಕೈಗಿಟ್ಟೆ. "ನೀವೇ ಬೇಗ ಹೊಡ್ದು ತೋರ್ಸಿ ಮಾರ್ಷಲ್ರೇ. ತಡ ಮಾಡಿದ್ರೆ ಇನ್ಮೇಲೆ ನನಗೆ ಆ ಮಾತು ಹೇಳಂಗಿಲ್ಲ."

"ಆಯ್ತು ಬಿಡಿ, ಇದೇನ್ ಮಹಾ," ಎಂದು ನಿಂತರು. ಆಮೇಲೆ ಕುಕ್ಕರುಗಾಲಲ್ಲಿ ಕೂತರು. ಹುಲ್ಲು ಸವರಿದರು. ಹೆಣ್ಣು ನೋಡಲು ಬಂದವರ ಹಾಗೆ ಚೆಂಡನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದರು. ಹಿಂದೆ ಕಾಯುತ್ತಿದ್ದವರಲ್ಲೊಬ್ಬ ಕೂಗಿದ: "ಒಸಿ ಬೇಗ ಹೊಡೀರಿ ಸ್ವಾಮಿ." ಮಾರ್ಷಲ್ ಗಡಬಡಿಸಿ ಹೊಡೆದರು, ಚೆಂಡು ಗುಳಿ ದಾಟಿ ಹೋಯಿತು. ಕ್ಲಬ್ಬಿನಲ್ಲೆಲ್ಲ ನಾನು ಅದನ್ನೇ ಹೇಳಿಕೊಂಡು ತಿರುಗಿದೆ.

ಅವರು ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನದಿಂದ ಗಾಡಿ ನಿಲ್ಲಿಸಿ, ಟೋಪಿ ತೆಗೆದು, ತಲೆ ಸವರಿಕೊಂಡು, ನಾನು ಗುರಿ ಹಿಡಿಯುವುದನ್ನು ಸುಮ್ಮನೆ ನೋಡುತ್ತಿದ್ದರು. ಆ ಮಾತು ಈಗ ಬರುತ್ತೆ, ಈಗ ಬರುತ್ತೆ ಎಂದು ಕಾದು ಕಾದು ನನ್ನ ಅಂಗೈ ಬೆವರುತ್ತಿತ್ತು. ಕೊನೆಕೊನೆಗೆ ಅವರ ಗಾಡಿ ತಿರುವಿನಲ್ಲಿ ಕಂಡರೆ ಸಾಕು, ಹೇಗೋ ಹೊಡೆದು ಓಡಿಬಿಡುತ್ತಿದ್ದೆ. ಓಡುವುದರಲ್ಲೂ ನನ್ನನ್ನು ಮೀರಿಸಿದವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ.