ಮಸ್ಕಿಯವರ ಮನಸ್ಸಿನ ಮಾತು

ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ಊರಿನ ಸಭೆಗಳಿಗೆ ನನ್ನ ಗಂಡ ಒಬ್ಬರೇ ಪಾಸ್ಟರ್. ಭಾನುವಾರ ಬೆಳಿಗ್ಗೆ ಸಿಂಧನೂರಿನಲ್ಲಿ ಆರಾಧನೆ ಮುಗಿಸಿ ಬಸ್ಸು ಹಿಡಿದರೆ ಮಸ್ಕಿ, ಅಲ್ಲಿಂದ ಲಿಂಗಸುಗೂರು. ಹೋದ ವರ್ಷ ಅವರಿಗೆ ಬೆನ್ನುನೋವು ಹೆಚ್ಚಾದಾಗ, ಮಸ್ಕಿಯ ಸಭೆ ಮುಚ್ಚಿ ಅಲ್ಲಿಯವರನ್ನು ಸಿಂಧನೂರಿಗೇ ಬರಹೇಳೋಣವೆಂಬ ಮಾತು ಹಿರಿಯರಲ್ಲಿ ಎದ್ದಿತು. ಮೊದಲು ಎಲ್ಲರನ್ನೂ ಕೇಳಬೇಕೆಂದಾಯಿತು. ಪಾಸ್ಟರ್ ಎದುರು ಯಾರೂ ಬಾಯಿ ಬಿಡುವುದಿಲ್ಲವೆಂದು ಆ ಕೆಲಸ ನನಗೆ ಬಂತು.

ಅವರ ಹೆಂಡತಿಯ ಎದುರು ಮಾತ್ರ ಬಿಡುತ್ತಾರೆಯೇ? ಸಿಂಧನೂರಿನಲ್ಲೂ ಲಿಂಗಸುಗೂರಿನಲ್ಲೂ ಚಹಾ ಕೊಟ್ಟು, ಅಯ್ಯನವರು ಹೇಳಿದಂತೆ ಆಗಲಿ ಎಂದರು. ಅದು ಬರೀ ಮರ್ಯಾದೆ ಎಂದು ನನಗೆ ಗೊತ್ತಿತ್ತು. ಯಾರಾದರೂ ನಿಜ ಹೇಳಿಬಿಟ್ಟರೆ ಎಂಬ ಅಳುಕೂ ಒಳಗೇ ಇತ್ತು.

ಮಸ್ಕಿಯಲ್ಲಿ, ಸಭೆಯ ಹಿಂದಿನ ಚಾಪೆಯಲ್ಲಿ ಕೂರುವ ವಿಧವೆಯೊಬ್ಬರ ಮನೆಗೆ ಹೋದೆ. ವಿಷಯ ಕೇಳಿದವರೇ ಎದ್ದು ಬಾಗಿಲು ಮುಂದೆ ಮಾಡಿದರು.

“ಮುಚ್ಚಿದ್ರ ಏನ್ ಫರಕ್ ಆಗ್ತದ್ರಿ ಅಮ್ಮಾರ? ಅಯ್ಯನೋರು ಬರ್ತಾರ, ವಾಕ್ಯ ಹೇಳ್ತಾರ, ಬಸ್ಸಿಗೆ ಓಡ್ತಾರ. ನನ್ನ ಮಗ ದವಾಖಾನ್ಯಾಗ ಇದ್ದಾಗ ಹೇಳಿ ಕಳಸಿದ್ದೆ. ಬರಲಿಲ್ಲ. ಅಂವ ಹೋದ ಮ್ಯಾಲ ಮಣ್ಣಿಗೆ ಬಂದ್ರು.”

ಹೇಳಿ ಮುಗಿಸುತ್ತಲೇ ಅವರಿಗೆ ಹೆದರಿಕೆಯಾಯಿತು. ನನ್ನ ಕೈ ಹಿಡಿದುಕೊಂಡರು. “ನಾ ಅಂದೀನಂತ ಹೇಳಬ್ಯಾಡ್ರಿ. ನನಗ ಬ್ಯಾರೆ ಸಭೆ ಇಲ್ಲ.”

ಬಸ್ಸಿನಲ್ಲಿ ಸಿಂಧನೂರು ಮುಟ್ಟುವವರೆಗೂ ಅದೇ ಯೋಚನೆ. ಆಸ್ಪತ್ರೆಯ ಸುದ್ದಿ ಎತ್ತಿದರೆ ಗಂಡನಿಗೆ ಯಾರೆಂದು ತಕ್ಷಣ ತಿಳಿಯುತ್ತದೆ. ಎತ್ತದಿದ್ದರೆ ನಾನು ಊರೂರು ತಿರುಗಿದ್ದು ಸುಳ್ಳು.

ಹಿರಿಯರು ನಮ್ಮ ಮನೆಯಲ್ಲಿ ಸೇರಿದರು. ಕಾಯಿಲೆ ಕಸಾಲೆಯಲ್ಲಿ ಪಾಸ್ಟರ್ ಮನೆಗೆ ಬರುವುದಿಲ್ಲ ಎಂಬ ನೋವು ಮಸ್ಕಿಯಲ್ಲಿದೆ ಎಂದಷ್ಟೇ ಹೇಳಿದೆ. ಯಾರಂದರು ಎಂದು ಹಿರಿಯರೊಬ್ಬರು ಗದರಿದರು. ಹೆಸರು ಹೇಳಲಾರೆ ಎಂದೆ. ಗಂಡ ನನ್ನನ್ನೇ ನೋಡುತ್ತಿದ್ದರು.

“ಹೆಸರು ಬ್ಯಾಡ,” ಎಂದರು. “ಖರೇ ಅದ. ಒಂದ್ ಸಲ ದವಾಖಾನಿಗೆ ಕರೆದಿದ್ರು. ನಾಳೆ ಹೋದ್ರಾತು ಅಂದೆ.”

ಕೊನೆಗೆ, ಮಸ್ಕಿಯ ಸಭೆ ಮುಚ್ಚುವುದು ಬೇಡ, ಲಿಂಗಸುಗೂರಿನ ಆರಾಧನೆಯನ್ನು ಅಲ್ಲಿಯ ಹಿರಿಯರೇ ನಡೆಸುವುದು, ಪಾಸ್ಟರ್ ಸಂಜೆಯವರೆಗೆ ಮಸ್ಕಿಯಲ್ಲಿದ್ದು ಮನೆಗಳಿಗೆ ಹೋಗುವುದು ಎಂದು ತೀರ್ಮಾನವಾಯಿತು.

ಮೊದಲ ಭಾನುವಾರ ಅವರು ನೇರವಾಗಿ ಆ ವಿಧವೆಯ ಮನೆಗೇ ಹೋದರು. ತಪ್ಪಾಯಿತು ಎಂದು ಕೇಳಿಕೊಂಡರಂತೆ. ಆಕೆ ಅತ್ತರಂತೆ, ಊಟಕ್ಕೆ ನಿಲ್ಲಿಸಿಕೊಂಡರಂತೆ. ಈಗ ಆಕೆ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನನ್ನ ಹತ್ತಿರ ಮಾತ್ರ ಮಾತು ಕಡಿಮೆ. ನಾನೇ ಹೆಸರು ಹೇಳಿದೆನೆಂದು ತಿಳಿದಿದ್ದಾರೋ ಏನೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.