ಹತ್ತು ನಲವತ್ತರ ಭೋಂಗಾ

ಬೆಳಿಗ್ಗೆ ಹತ್ತು ನಲವತ್ತಕ್ಕೆ ಭೋಂಗಾ, ಅಂದರೆ ಸೈರನ್, ಕೂಗಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಆಗಷ್ಟೇ ನಾನು ಹೊಳೆಯ ದಂಡೆಯಿಂದ ಮೊಬೈಲಿನಲ್ಲಿ ಆಯಿಯ ಫೋಟೊ ತೆಗೆದಿದ್ದೆ.

ಆಯಿ ನನ್ನ ಅಜ್ಜಿ. ದಸರೆಗೆ ಘಟ ಕೂರಿಸುವ ಮೊದಲು ಮನೆಯ ಹಾಸಿಗೆ, ಹೊದಿಕೆಗಳನ್ನೆಲ್ಲ ಹೊಳೆಯಲ್ಲಿ ಒಗೆಯುವುದು ನಮ್ಮ ಪದ್ಧತಿ. ಒಗೆದ ಕೌದಿಯನ್ನು ಅವಳು ಹೊಳೆಯೊಳಗಿನ ಹಾಸುಗಲ್ಲಿನ ಮೇಲೆ ಹರವುತ್ತಿದ್ದಳು. ಕಲ್ಲಿಗೂ ದಂಡೆಗೂ ನಡುವೆ ಮೊಣಕಾಲುದ್ದ ನೀರು.

"ಯಾವ ಭೋಂಗಾ ಅದು?" ಎಂದು ಕೂಗಿದಳು. ಅವಳ ಕಿವಿ ಈಗ ಮಂದ.

"ಕಾರ್ಖಾನೀದು, ಆಯಿ. ನೀ ಹರವು."

ದಾಂಡೇಲಿ ಭೋಂಗಾ ಕೇಳಿ ಬೆಳೆದ ಊರು. ಕಾಗದದ ಕಾರ್ಖಾನೆಗೆಂದು ಕೇರಳ, ಆಂಧ್ರ, ಗೋವಾ, ಎಲ್ಲೆಲ್ಲಿಂದಲೋ ಜನ ಬಂದರು. ಆಯಿ ಸಾಂಬ್ರಾಣಿ ಎಂಬ ಹಳ್ಳಿಯಿಂದ ಅಜ್ಜನ ಜೊತೆ ಲಾರಿಯಲ್ಲಿ ಬಂದಳಂತೆ. ಸಮುದ್ರವಿಲ್ಲ, ಹಡಗಿಲ್ಲ, ಆದರೂ ನಮ್ಮ ಓಣಿ ಬಂದರಿನಂತೆ, ಎಲ್ಲರೂ ಬಂದಿಳಿದವರೇ. ಚಹಾ, ಶಾಲೆ, ಊಟ ಎಲ್ಲವೂ ಪಾಳಿಯ ಭೋಂಗಾದ ಲೆಕ್ಕಕ್ಕೇ. ಹಾಗಾಗಿ ಭೋಂಗಾ ಕೇಳಿ ನಾವು ತಲೆ ಎತ್ತುವುದಿಲ್ಲ. ಹತ್ತು ನಲವತ್ತಕ್ಕೆ ಯಾವ ಪಾಳಿಯೂ ಇಲ್ಲವೆಂಬುದು ಎಂ.ಎ. ಓದಿದ ನನಗೆ ನೆನಪಾಗಲಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ ಅದು.

ನೀರು ಸದ್ದಿಲ್ಲದೆ ಏರಿತು. ನೋಡುವಷ್ಟರಲ್ಲಿ ಹಾಸುಗಲ್ಲಿನ ಅಂಚು ಮುಳುಗಿತ್ತು, ಆಯಿ ಕೌದಿ ಸುತ್ತಿ ಎದೆಗೆ ಅವುಚಿಕೊಂಡಿದ್ದಳು.

ದಂಡೆಯಲ್ಲಿ ಲಾರಿ ತೊಳೆಯುತ್ತಿದ್ದ ನಮ್ಮ ಓಣಿಯ ಮೆಕ್ಯಾನಿಕ್ ಚಾಚಾ ನೋಡಿದರು. ಲಾರಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು, ಗಾಳಿ ತುಂಬಿದ ಟ್ಯೂಬು ಹಿಡಿದು ಇಳಿದರು. ನೀರು ಅವರ ಎದೆಮಟ್ಟಕ್ಕಿತ್ತು.

"ಕೌದಿ ಬಿಡ್ರಿ ಅಮ್ಮಾ, ಟ್ಯೂಬ್ ಹಿಡೀರಿ!"

"ಬಿಡಾಂಗಿಲ್ಲ! ಇದರಾಗ ನಿಮ್ಮವ್ವನ ಸೀರಿ ಐತಿ!"

ಸುಳ್ಳಲ್ಲ. ಆಯಿ ಊರಿಗೆ ಬಂದ ಹೊಸತರಲ್ಲಿ ಹೊದೆಯಲು ಏನೂ ಇಲ್ಲದಾಗ, ಚಾಚಾರ ತಾಯಿಯೂ ಸೇರಿ ನೆರೆಮನೆಯವರೆಲ್ಲ ಹಳೇ ಬಟ್ಟೆ ಕೊಟ್ಟು ಹೊಲಿಸಿದ ಕೌದಿ ಅದು.

"ಹಂಗಾದ್ರ ಇಬ್ಬರನೂ ಕೂಡೇ ಎಳೀತೇನಿ, ಬರ್ರಿ!"

ದಂಡೆ ಮುಟ್ಟಿದ ಮೇಲೆ ಆಯಿ ಕೌದಿ ಹಿಂಡುತ್ತಾ, "ಇನ್ನೊಮ್ಮೆ ಒಗಿಯೂದು ಉಳೀತು" ಎಂದಳು. ಚಾಚಾ ನಕ್ಕರು. ನಾನು ಕೆಸರಿನಲ್ಲೇ ಕುಳಿತುಬಿಟ್ಟೆ.

ಆಮೇಲೆ ನನಗೆ ನಿದ್ದೆಯೇ ಬಾರದಾಯಿತು. ಪಾಳಿಯ ಪ್ರತಿ ಭೋಂಗಾಕ್ಕೂ ಎದ್ದು ಕೂರುತ್ತಿದ್ದೆ. "ನೀ ಹರವು" ಎಂದ ನನ್ನದೇ ಧ್ವನಿ ಕೇಳಿಸುತ್ತಿತ್ತು. ಆಯಿ ಬೈಯಲಿಲ್ಲ.

"ನಾನೂ ಬಂದ ಹೊಸದಾಗ ಇದನ್ನ ಕೇಳಿ ಅಳ್ತಿದ್ದೆ," ಎಂದಳು ಒಮ್ಮೆ. "ಯಾವ ಹುಲಿ ಒದರ್ತೈತೋ ಅಂತ. ಚಾಚಾನ ಅವ್ವ ಬಂದು ಕಲಿಸಿದ್ಲು, ಇದು ಚಾ ಇಡೂದು, ಇದು ಬುತ್ತಿ ಕಟ್ಟೂದು, ಇದು ಗಂಡ ಮನೀಗೆ ಬರೂದು ಅಂತ."

ಅಂದಿನಿಂದ ನನಗೂ ಹಾಗೇ ಕಲಿಸತೊಡಗಿದಳು. ಒಂದೊಂದು ಭೋಂಗಾಕ್ಕೂ ಒಂದೊಂದು ಕೆಲಸ ಕೈಗೆ ಕೊಟ್ಟಳು: ಒಲೆ, ಕುಕ್ಕರು, ಬಾಗಿಲು. ಗೊತ್ತಿಲ್ಲದ ಹೊತ್ತಿನದು ಕೇಳಿದರೆ ಮಾತ್ರ ಎದ್ದು ಹೊಳೆಯ ಕಡೆ ನೋಡಬೇಕು.

ಬನ್ನಿ ಹಂಚುವ ದಿನ ಕಣ್ಣು ಬಿಟ್ಟಾಗ ಬಿಸಿಲು ಕೋಣೆಯೊಳಗೆ ಬಂದಿತ್ತು. ಮೈಮೇಲೆ ಅದೇ ಕೌದಿ. ಹೊರಗೆ ಚಾಚಾ ಬನ್ನಿ ತೆಗೆದುಕೊಳ್ಳಲು ಬಂದು ಕೂತಿದ್ದರು.

"ಆಯಿ, ಭೋಂಗಾ ಆತೇನು?"

"ರಾತ್ರೀದೂ ಆತು, ಮುಂಜಾನೀದೂ ಆತು," ಎಂದಳು. "ಚಾಚಾಗ ಚಾ ನಾನ ಕೊಟ್ಟೇನಿ. ಮಲ್ಕೋ."