ಶಾಂತಯ್ಯನವರ ಲೇತ್ ಎಬ್ಬಿಸಿದಾಕೆ

ಮೈಮುನಾ ಮೊದಲ ಸಲ ಸಪ್ತಾಪುರದ ಆ ಮನೆಯೊಳಗೆ ಕಾಲಿಟ್ಟ ದಿನ, ಗುಜರಿ ಬೀರಪ್ಪ ಹಿತ್ತಲಲ್ಲಿ ಗ್ಯಾಸ್ ಕಟರ್ ಇಳಿಸಿ ಪೈಪು ಬಿಚ್ಚುತ್ತಿದ್ದ. ಮನೆಯೊಡತಿ ಸಂಗವ್ವ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಅವಳ ಗಂಡ ಶಾಂತಯ್ಯನವರು ತೀರಿಹೋಗಿ ಆರು ವರ್ಷವಾಗಿತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅವರು ನಡೆಸುತ್ತಿದ್ದ ಬಾಡಿಗೆ ಶೆಡ್ಡು ಖಾಲಿ ಮಾಡಿದಾಗ ಅವರ ಕಬ್ಬಿಣ ಕಡೆಯುವ ಲೇತ್ ಯಂತ್ರ ಲಾರಿಯೇರಿ ಇಲ್ಲಿಗೆ ಬಂದು, ತಗಡಿನ ಕೆಳಗೆ ತುಕ್ಕು ಹಿಡಿಯುತ್ತ ನಿಂತಿತ್ತು. ಮೇಲಿನ ಕೋಣೆಗಳಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿಯರು ಅದರ ಮೇಲೆ ಒದ್ದೆ ಟವೆಲ್ ಹರವುತ್ತಿದ್ದರು. ಇನ್ನೆಷ್ಟು ದಿನ ಅಂತ ಸಂಗವ್ವನೇ ಬೀರಪ್ಪನನ್ನು ಕರೆಸಿದ್ದಳು.

"ಕೊಯ್ಯಬ್ಯಾಡ್ರಿ! ಅದನ್ನ ಕೊಯ್ಯಬ್ಯಾಡ್ರಿ!" ಎಂದು ಕೂಗುತ್ತ ಒಬ್ಬ ಹೆಂಗಸು ಗೇಟು ತಳ್ಳಿಕೊಂಡೇ ಒಳಗೆ ಬಂದಳು. ನಲವತ್ತು ದಾಟಿತ್ತು. ತಲೆಗೆ ದುಪಟ್ಟಾ ಬಿಗಿದಿದ್ದಳು. ಉಗುರಿನ ಸಂದಿಯಲ್ಲೆಲ್ಲ ಕಪ್ಪು.

"ಯಾರವಾ ನೀ?"

"ಮೈಮುನಾ ರೀ ಕಾಕು. ಕಾಕಾನ ಶೆಡ್ಡಿನ್ಯಾಗ ಇದ್ದಾಕಿ. ಇದ ಲೇತಿನ ಮ್ಯಾಲ ಹತ್ತು ವರ್ಷ ಕೆಲಸ ಮಾಡೇನಿ."

"ನಾ ನಿನಗ ಎಲ್ಲಿ ಕಾಕು ಆದೆ?"

"ಅವರು ಕಾಕಾ ಆದ ಮ್ಯಾಲ ನೀವು ಮತ್ತೇನ ಆಗತೀರಿ?"

ಬೀರಪ್ಪ ಹಲ್ಲು ಬಿಟ್ಟ. ಸಂಗವ್ವ ನಗಲಿಲ್ಲ. ಶೆಡ್ಡಿನಲ್ಲಿ ಕೆಲಸಕ್ಕೆ ಇಬ್ಬರು ಹುಡುಗರಿದ್ದಾರೆ ಎಂದೇ ಶಾಂತಯ್ಯನವರು ಹೇಳುತ್ತಿದ್ದುದು. ಆ ಹುಡುಗರಿಗೆಂದು ಅವಳು ದಿನಾ ಬುತ್ತಿಯಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿಪುಡಿ ಹೆಚ್ಚಿಗೆ ಕಟ್ಟಿದ್ದಳು. ತಾನೂ ಒಮ್ಮೆ ಶೆಡ್ಡು ನೋಡಬೇಕೆಂದಾಗ ಅವರು, "ಅದು ಹೆಂಗಸರು ಬರೂ ಜಾಗ ಅಲ್ಲ ಬಿಡು" ಅಂದಿದ್ದರು.

"ರೊಟ್ಟಿ ತಿಂದ ಹುಡುಗರೊಳಗ ನೀನೂ ಒಬ್ಬಾಕಿ?"

"ಹೂಂ ರೀ. ನಿಮ್ಮ ಶೇಂಗಾ ಹಿಂಡಿ ಎಲ್ಲಿ ಇಟ್ರೂ ಗುರ್ತ ಹಿಡೀತೇನಿ. ನಿಮಗ ಸಿಟ್ಟು ಬಂದ ದಿನ ಖಾರ ಜಾಸ್ತಿ ಬೀಳತಿತ್ತು."

ಸಂಗವ್ವ ಕಟ್ಟೆಯಿಂದ ಇಳಿದು ಬಂದಳು. ತನ್ನ ಸಿಟ್ಟಿನ ಲೆಕ್ಕ ಹುಬ್ಬಳ್ಳಿಯಲ್ಲಿ ಯಾರೋ ಕುಳಿತು ಇಡುತ್ತಿದ್ದರೆಂದು ಅವಳಿಗೇನು ಗೊತ್ತು?

ಮೈಮುನಾ ತಾನು ಬಂದ ಕಾರಣ ಹೇಳಿದಳು. ಕಾಕಾನ ಲೇತ್ ಗುಜರಿಗೆ ಬಿತ್ತು ಎಂದು ಬಜಾರದಲ್ಲಿ ಕೇಳಿ ಓಡಿ ಬಂದಿದ್ದಳು. ಈಗ ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಟನ್ ಒತ್ತಿದರೆ ತಾನೇ ಕೆಲಸ ಮಾಡುವ ಯಂತ್ರದ ಮುಂದೆ ಇದ್ದಾಳೆ. ಸ್ವಂತದ್ದೊಂದು ಸಣ್ಣ ಶೆಡ್ಡು ಹಾಕಬೇಕೆಂದಿದ್ದಾಳೆ, ಅದರಲ್ಲಿ ಈ ಲೇತೇ ಇರಬೇಕು. "ನಾ ಚಾಲೂ ಮಾಡತೇನಿ. ಚಾಲೂ ಆದ್ರ ನನಗ ಕೊಡ್ರಿ. ಆಗಲಿಲ್ಲಂದ್ರ ಬೀರಪ್ಪಗ ಹಾಕ್ರಿ."

ಸಂಗವ್ವ ಬೀರಪ್ಪನನ್ನು ಹಿಂದಕ್ಕೆ ಕಳಿಸಿದಳು. ಮೈಮುನಾಳ ಮೇಲಿನ ಪ್ರೀತಿಯಿಂದಲ್ಲ. ತನ್ನ ಗಂಡನ ಹತ್ತು ವರ್ಷ ಈ ಹೆಂಗಸಿನ ಕೈಯಲ್ಲಿತ್ತು. ಅದರಲ್ಲಿ ಏನೇನಿತ್ತು ಎಂದು ಅವಳಿಗೆ ನೋಡಬೇಕಿತ್ತು.

"ಮಾಡು. ಆದ್ರ ಇಲ್ಲೇ, ನನ್ನ ಕಣ್ಣ ಮುಂದ ಮಾಡಬೇಕು" ಅಂದಳು.

ಐತವಾರ ಬಂದರೆ ಮೈಮುನಾ ಸ್ಕೂಟಿಯ ಮೇಲೆ ಸೀಮೆಎಣ್ಣೆ ಡಬ್ಬಿ, ಪಾನಾ ಚೀಲ ಹೇರಿಕೊಂಡು ಹಾಜರು. ಸಂಗವ್ವ ಸ್ಟೂಲು ಹಾಕಿಕೊಂಡು ಎದುರಿಗೇ ಕೂರುವಳು. ಬಿಚ್ಚಿದ ಒಂದೊಂದು ನಟ್ಟು, ಬೋಲ್ಟು, ಹಲ್ಲಿನ ಚಕ್ರವನ್ನೂ ಇಸಿದುಕೊಂಡು, ಯಾವುದರ ಹಿಂದೆ ಯಾವುದು ಬಂತೋ ಅದೇ ಸಾಲಿನಲ್ಲಿ ಮೊರದೊಳಗೆ ಇಡುವಳು. ಒಂದೂ ಆಚೆ ಹೋಗಬಾರದು ಎಂಬುದು ಅವಳ ಕಾವಲು. ಮರಳಿ ಜೋಡಿಸುವಾಗ ಮೈಮುನಾಗೆ ಅದೇ ಅನುಕೂಲವಾಯಿತು.

ಪಕ್ಕದ ಮನೆಯ ಶೇವಂತೆವ್ವ ಗೋಡೆಯ ಮೇಲಿಂದ ಇಣುಕಿ, "ಏನ್ ಸಂಗವ್ವಾ, ವಾರಾ ವಾರಾ ಸವತಿ ಬರಾಕತ್ತಾಳ. ಚಾ ಗೀ ಕೊಡತೀಯೋ ಇಲ್ಲೋ?" ಅಂದಳು.

"ಕೊಡತೇನಿ. ಸಕ್ರಿ ಕಡಿಮಿ ಹಾಕತೇನಿ."

"ಅದಕ್ಕ ಏನ್ರಿ ಕಾಕು, ಈ ಮನಿ ಚಾ ಔಷಧ ಆಗೇತಿ!" ಎಂದು ಮೈಮುನಾ ಯಂತ್ರದ ಕೆಳಗಿನಿಂದಲೇ ಕೂಗಿದಳು. ಶೇವಂತೆವ್ವ ಬಿದ್ದು ಬಿದ್ದು ನಕ್ಕಳು.

ಒಂದು ದಿನ ಮೈಮುನಾ ಸಣ್ಣದೊಂದು ಹಿಡಿಕೆ ತಿರುಗಿಸಿ ತೋರಿಸಿದಳು. "ಇದು ಮೊದಲಿಂದ ಸಡಲ ಐತ್ರಿ. ಕೆಲಸ ಮಾಡೂಮುಂದ ಕಾಕಾ ಎಡಗೈ ಹೆಬ್ಬಟ್ಟಲೇ ಒತ್ತಿ ಹಿಡೀತಿದ್ರು." ಗಂಡನ ಎಡಗೈ ಹೆಬ್ಬೆರಳಿನ ಬದಿಗಿದ್ದ ಗಂಟು ಸಂಗವ್ವನಿಗೆ ನೆನಪಾಯಿತು. ರಾತ್ರಿ ಎಷ್ಟೋ ಸಲ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ದಳು. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಅವರು ಹೇಳಿರಲಿಲ್ಲ. ಗಂಟು ತನಗೆ, ಅದರ ಕಾರಣ ಮೈಮುನಾಗೆ. ಆ ದಿನ ಚಹಾಕ್ಕೆ ಸಕ್ಕರೆಯನ್ನೇ ಹಾಕಲಿಲ್ಲ.

ದೀಪಾವಳಿ ಮುಗಿದ ಮೇಲೆ ಬೆಡ್ಡಿನ ಸರದಿ ಬಂತು. ಬೆಡ್ ಅಂದರೆ ಲೇತಿನ ಉದ್ದನೆಯ ಬೆನ್ನು. ಕಬ್ಬಿಣ ಕೊರೆಯುವ ಟೂಲು ಹಿಡಿದ ಗಾಡಿ ಅದರ ಮೇಲೆಯೇ ಸರಿದಾಡಬೇಕು. ಅದು ಕನ್ನಡಿಯಂತೆ ಇರದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲ. ಮೈಮುನಾ ತುಕ್ಕು ಕೆರೆದು, ಬಟ್ಟೆಯಿಂದ ಒರೆಸಿ, ಹಾಗೇ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟಳು.

"ಕಾಕು, ಇದು ಮಳಿ ತುಕ್ಕಲ್ಲ. ಇಲ್ಲಿ ಮೂರು ಪಟ್ಟಿ ತಗ್ಗು ಬಿದ್ದೈತಿ ನೋಡ್ರಿ. ಮೂರು ಬಟ್ಟಲೇ ಎಳದಂಗ."

ಸಂಗವ್ವ ಬಗ್ಗಿ ನೋಡಿದಳು. ಅವು ಅವಳದೇ ಮೂರು ಬೆರಳಿನ ಗುರುತು. ಗಂಡ ಹೋದ ಮೇಲೆ ಪ್ರತಿ ವರ್ಷ ದಸರೆಗೆ ಆಯುಧ ಪೂಜಿಸುವ ಖಂಡೆಪೂಜೆಯ ದಿನ ಅವಳೇ ವಿಭೂತಿ ನೀರಿನಲ್ಲಿ ಕಲಸಿ, ಬೆಡ್ಡಿನ ಹೊಳೆಯುವ ಜಾಗ ಹುಡುಕಿ ಮೂರೆಳೆ ಎಳೆದು, ಕಾಯಿಯನ್ನು ಅದರ ಅಂಚಿಗೇ ಒಡೆದು, ನೀರನ್ನು ಅದಕ್ಕೇ ಸುರಿದಿದ್ದಳು. ಪೂಜೆಯದ್ದನ್ನು ಒರೆಸಬಾರದೆಂದು ಹಾಗೇ ಬಿಟ್ಟಿದ್ದಳು.

"ಪೂಜಿ ಮಾಡೇನಿ. ತಪ್ಪೇನು?"

"ತಪ್ಪಲ್ಲ ರೀ. ಆದ್ರ ಕಾಕಾ ಬೆಡ್ಡಿಗೆ ನೀರು ಮುಟ್ಟಸತಿದ್ದಿಲ್ಲ. ಮೊದಲ ಎಣ್ಣಿ ಹಚ್ಚತಿದ್ರು. ಇಬತ್ತಿ ಇಲ್ಲಿ ಮ್ಯಾಲೆ, ಬಣ್ಣ ಇದ್ದಲ್ಲಿ. ಕಾಯಿ ಹೊರಗ ಕಲ್ಲಿಗೆ ಒಡೀತಿದ್ರು."

ಏನನ್ನಾದರೂ ಸಹಿಸಬಹುದಿತ್ತು. ರೊಟ್ಟಿ, ಹಿಡಿಕೆ, ಹತ್ತು ವರ್ಷ, ಎಲ್ಲವನ್ನೂ. ಪೂಜೆ ತನ್ನದು ಎಂದುಕೊಂಡಿದ್ದಳು. ಅದೂ ಇವಳ ಕಡೆಗೇ ಇತ್ತು.

"ನಮ್ಮ ಮನಿ ಪೂಜಿ ನನಗ ಕಲಿಸಾಕ ಬಂದೀಯೇನ?" ಸಂಗವ್ವ ಸ್ಟೂಲು ಹಿಂದಕ್ಕೆ ತಳ್ಳಿದಳು. "ಹೆಂಗಸರು ಬರೂ ಜಾಗ ಅಲ್ಲ ಅಂದ್ರು ನನಗ. ನಿನಗೇನಂದ್ರು? ಬಾರವಾ, ಕುಂಡ್ರವಾ ಅಂದ್ರೇನು?"

ಮೈಮುನಾ ಕೈಯಲ್ಲಿನ ಬಟ್ಟೆ ಮಡಚಿದಳು. "ನನಗೂ ಅದನ್ನ ಅಂದ್ರು ರೀ. ಎಂಟು ದಿನ ಬೆನ್ನು ಹತ್ತಿ ಅಂದ್ರು. ಅಪ್ಪ ಹಾಸಿಗಿ ಹಿಡಿದಿದ್ದ, ನಾ ಎಲ್ಲಿ ಹೋಗಲಿ? ಬಾಗಲದಾಗ ನಿಂತೆ. ಕಡೀಕ ಬ್ಯಾಸತ್ತು ಕಸಬರಗಿ ಕೊಟ್ರು. ವರ್ಷಾನುಗಟ್ಟಲೆ ಕಬ್ಬಿಣದ ಪುಡಿ ಗುಡಿಸೇನಿ. ಆಮ್ಯಾಲ ಲೇತ್ ಮುಟ್ಟಾಕ ಕೊಟ್ರು."

ಸಂಗವ್ವನಿಗೆ ಅವರು ಒಂದೇ ಸಲ ಅಂದಿದ್ದರು. ಅವಳು ಒಂದೇ ಸಲಕ್ಕೆ ಒಳಗೆ ಹೋಗಿದ್ದಳು. ಇದು ತಿಳಿದ ಮೇಲೆ ಮೈಮುನಾಳ ಮೇಲಿನ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ.

ಮೈಮುನಾ ಆ ಬೆಡ್ಡಿಗೆ ನೀಲಿ ಬಣ್ಣ ಸವರಿ, ಸಪಾಟು ಪಟ್ಟಿ ಅದರ ಮೇಲೆ ಎಳೆದು, ಬಣ್ಣ ಅಳಿಸಿ ಉಬ್ಬು ಕಂಡಲ್ಲಿ ಉಳಿಯಿಂದ ಕೂದಲೆಳೆಯಷ್ಟು ಕೆರೆದಳು. ಮತ್ತೆ ಸವರಿದಳು, ಮತ್ತೆ ಕೆರೆದಳು. ಚಳಿಗಾಲವೆಲ್ಲ ಅದೇ ಆಯಿತು. ಮೂರೆಳೆಯ ಗುರುತು ತೆಳ್ಳಗಾಯಿತು, ಹೋಗಲಿಲ್ಲ. "ಇರಲಿ ಬಿಡ್ರಿ ಕಾಕು, ಎಣ್ಣಿ ನಿಲ್ಲಾಕ ಒಂದು ಜಾಗ ಆತು" ಅಂದಳು.

ಸಂಕ್ರಾಂತಿಯ ಮುಂದಿನ ಐತವಾರ ಮೋಟಾರು ಹೊಸ ತಂತಿ ಸುತ್ತಿಸಿಕೊಂಡು ಬಂತು, ಹೊಸ ಪಟ್ಟಾ ಬಿತ್ತು. ಮೈಮುನಾ ಒಂದು ಸರಳನ್ನು ಕಚ್ಚಿಸಿ ಸ್ವಿಚ್ಚು ಒತ್ತಿದಳು. ಲೇತ್ ಒಮ್ಮೆ ಕೆಮ್ಮಿ, ಆಮೇಲೆ ಗುಂಯ್ ಎಂದು ಒಂದೇ ಸಮನೆ ತಿರುಗತೊಡಗಿತು. ಟೂಲು ತಾಗಿದಲ್ಲಿ ಕಬ್ಬಿಣ ನೀಲಿ ಸುರುಳಿಯಾಗಿ ಬಿಚ್ಚಿಕೊಂಡು ಬಿತ್ತು. ಗಂಡನ ಯಂತ್ರದ ಸದ್ದನ್ನು ಸಂಗವ್ವ ಕೇಳಿದ್ದು ಅದೇ ಮೊದಲು. ಮೈಮುನಾ ಅದನ್ನು ಕೇಳುತ್ತ ಕಣ್ಣು ಮುಚ್ಚಿದ್ದಳು. ಅವಳಿಗೆ ಅದು ನೆನಪು. ಆ ಮುಖ ನೋಡಿ ಸಂಗವ್ವನಿಗೆ ತಡೆಯಲಾಗಲಿಲ್ಲ.

"ಬಂದ್ ಮಾಡು. ನಾ ಇದನ್ನ ಕೊಡೂದಿಲ್ಲ."

"ಮಾತಾಗಿತ್ತಲ್ರಿ ಕಾಕು."

"ಆಗಿತ್ತು. ಈಗ ಇಲ್ಲ. ನನ್ನ ಗಂಡನ ಯಂತ್ರ ನನ್ನ ಹಿತ್ತಲದಾಗ ಇರತೈತಿ."

ಮೈಮುನಾ ಜಗಳಕ್ಕೆ ಬೀಳಲಿಲ್ಲ. ಬೆಡ್ಡಿಗೆ ಎಣ್ಣೆ ಸವರಿ, ಮೇಲೊಂದು ಬಟ್ಟೆ ಹೊದಿಸಿದಳು. "ವಾರಕ್ಕೊಮ್ಮೆ ಎಣ್ಣಿ ಹಚ್ಚರಿ. ನೀರು ಬ್ಯಾಡ" ಎಂದು ಹೇಳಿ ಹೋದಳು.

"ಗೆದ್ದಿ ಬಿಡವಾ" ಎಂದಳು ಶೇವಂತೆವ್ವ. ಸಂಗವ್ವ ದಿನಾ ಎಣ್ಣೆ ಹಚ್ಚಿದಳು. ಒಂದು ಮಧ್ಯಾಹ್ನ ಹುಡುಗಿಯರೆಲ್ಲ ಕಾಲೇಜಿಗೆ ಹೋದಾಗ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ತಾನೇ ಸ್ವಿಚ್ಚು ಒತ್ತಿದಳು. ಯಂತ್ರ ತಿರುಗಿತು. ಬಾಯಲ್ಲಿ ಸರಳಿಲ್ಲ, ಟೂಲಿಲ್ಲ, ಬರಿದೇ ತಿರುಗಿತು. ಮುಂದೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೇಳಲು ಇದ್ದವಳು ಒಬ್ಬಳೇ, ಅವಳನ್ನು ತಾನೇ ಕಳಿಸಿದ್ದಳು. ಬಂದ್ ಮಾಡಿ ಒಳಗೆ ಬಂದು, ಸಂಜೆ ಬಾಡಿಗೆಯ ಹುಡುಗಿ ಗೀತಾಂಜಲಿಯಿಂದ ಫೋನ್ ಹಚ್ಚಿಸಿ, "ಬಂದು ಒಯ್ಯಿ" ಎಂದು ಎರಡೇ ಮಾತಿನಲ್ಲಿ ಮುಗಿಸಿದಳು.

ಟೆಂಪೋ ಬಂತು. ಸರಪಳಿ ಹಾಕಿ ಲೇತನ್ನು ಎತ್ತಿ ಏರಿಸಿದರು. ಮೈಮುನಾ ತಾನೇ ಹಗ್ಗ ಬಿಗಿದು, ಗಂಟು ಜಗ್ಗಿ ನೋಡಿ, ಮುಂದೆ ಹತ್ತಿ ಕುಳಿತಳು. ಡ್ರೈವರ್ ಚಾವಿ ತಿರುಗಿಸುವಷ್ಟರಲ್ಲಿ ಮತ್ತೆ ಇಳಿದು ಗೇಟಿನ ತನಕ ಬಂದಳು. ಏನೋ ಮರೆತಿದ್ದಾಳೆ ಎಂದುಕೊಂಡು ಸಂಗವ್ವ ಮೊರದ ಕಡೆ ನೋಡಿದಳು. ಮೊರ ಖಾಲಿಯಿತ್ತು.

"ಕಾಕು, ಪಗಾರ ಜಾಸ್ತಿ ಸಿಗತೈತಿ ಅಂತ ನಾ ಶೆಡ್ಡ ಬಿಟ್ಟು ಬೇಲೂರಿಗೆ ಹೋದೆ. ಆವತ್ತು ಕಾಕಾ ನನ್ನ ಕೂಡ ಮಾತಾಡಲಿಲ್ಲ, ಲೇತಿನ ಕಡೆ ಮಾರಿ ಮಾಡಿ ನಿಂತ್ರು. ಅವರ ಮಣ್ಣಿಗೆ ಬಂದಾಗೂ ನಾ ಇಲ್ಲೇ ಗೇಟಿನ ಹೊರಗ ನಿಂತಿದ್ದೆ, ಒಳಗ ಬರಾಕ ಧೈರ್ಯ ಆಗಲಿಲ್ಲ." ಅವಳು ಎಣ್ಣೆಗೈಯನ್ನು ದುಪಟ್ಟಾಕ್ಕೆ ಒರೆಸಿಕೊಳ್ಳುತ್ತಲೇ ಇದ್ದಳು. "ನಾ ಬಿಟ್ಟು ಹೋದ ಮ್ಯಾಲ ಕಾಕಾ ಎರಡು ವರ್ಷ ಇದ್ರು. ಖರೇ ಹೇಳ್ರಿ ಕಾಕು, ಆ ಎರಡು ವರ್ಷದಾಗ ಮನ್ಯಾಗ ಒಮ್ಮೆರ ನನ್ನ ಹೆಸರು ತಗದಿದ್ರೇನ್ರಿ?"